ಬರೀ ಬಿಸಿನೀರಿನ ಅಳಿಯ

ನಾನು ಕುಡಿಯುವುದು ಬರೀ ಬಿಸಿನೀರು. ಚಹಾ ಇಲ್ಲ, ಕಾಫಿ ಇಲ್ಲ. ಇದನ್ನು ಹೀಗೆ ಬರೆಯುವುದು ಸುಲಭ. ಹೈದರಾಬಾದಿನಲ್ಲಿ ಬಾಯಿಬಿಟ್ಟು ಹೇಳಿ ನೋಡಿ! ಇರಾನಿ ಹೋಟೆಲಿನಲ್ಲಿ ಗೆಳೆಯರ ಮುಂದೆ ಗಟ್ಟಿ ಚಹಾ ಬಂದು ಕೂತಾಗ ನಾನು ಬಿಸಿನೀರು ಕೇಳಿದರೆ ಮಾಣಿ, "ತಬಿಯತ್ ಠೀಕ್ ನಹೀ ಕ್ಯಾ ಸಾಬ್?" ಎಂದು ನನ್ನ ಆರೋಗ್ಯ ವಿಚಾರಿಸುತ್ತಾನೆ. ಒಬ್ಬ ಗೆಳೆಯ ಇದಕ್ಕೆ ಅಲ್ಸರ್ ಕಾರಣ ಎಂದ, ಇನ್ನೊಬ್ಬ ಜಿಪುಣತನ ಎಂದ. ಆಯುರ್ವೇದವು ಬಿಸಿನೀರಿಗೆ ಉಷ್ಣೋದಕ ಎಂಬ ಘನವಾದ ಹೆಸರಿಟ್ಟಿದೆ ಎಂದು ನಾನು ವಾದಿಸಿದೆ. ಅಲ್ಲಿಗೆ ಅವರಿಗೆ ರೋಗ ಖಾತ್ರಿಯಾಯಿತು.

ನಾಲಿಗೆ ನನ್ನದಾದರೂ ಅದರ ಯಜಮಾನಿಕೆ ಊರಿನದು. ಇಷ್ಟಕ್ಕೇ ಮುಗಿದಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಈ ಬಿಸಿನೀರು ನನ್ನ ಮದುವೆಯನ್ನೇ ಮುಳುಗಿಸುವುದರಲ್ಲಿತ್ತು.

ಹುಡುಗಿ ನೋಡಲೆಂದು ನಾನೂ ಅಮ್ಮನೂ ಹೈದರಾಬಾದಿನದೇ ಕಾಚಿಗೂಡದ ಒಂದು ಮನೆಗೆ ಹೋಗಿದ್ದೆವು. ಅವರು ರಾಯಚೂರು ಕಡೆಯಿಂದ ಬಂದು ನೆಲೆಸಿದವರು, ನಾವು ಮೈಸೂರಿನವರು. ಹುಡುಗಿ ನನಗೆ ನೋಡಿದ ಕೂಡಲೇ ಹಿಡಿಸಿಬಿಟ್ಟಳು. ಆ ಹಿಗ್ಗಿನಲ್ಲೇ, ಚಹಾ ಮುಂದೆ ಬಂದಾಗ ನಗುನಗುತ್ತಾ "ಬೇಡ" ಎಂದುಬಿಟ್ಟೆ.

ಮನೆ ತಣ್ಣಗಾಯಿತು. ಹುಡುಗಿಯ ತಾಯಿ ಸೆರಗನ್ನು ಬಾಯಿಗೊತ್ತಿಕೊಂಡು ಒಳಗೆ ಹೋದರು. ನೋಡಲು ಬಂದ ಗಂಡು ಚಹಾ ಮುಟ್ಟದಿದ್ದರೆ ಹುಡುಗಿ ಒಪ್ಪಿಗೆಯಿಲ್ಲ ಎಂದು ಆ ಮನೆತನದಲ್ಲಿ ಅರ್ಥವಂತೆ. ಬಾಯಿಬಿಟ್ಟು ಹೇಳಿ ನೋಯಿಸಬಾರದೆಂದು ಹಿರಿಯರು ಮಾಡಿಕೊಂಡ ನಯವಾದ ಪದ್ಧತಿ. ನನಗೆ ಅದೆಲ್ಲಿ ಗೊತ್ತಿರಬೇಕು?

"ಇರ್ಲಿ ಬಿಡ್ರಿ, ಋಣಾನುಬಂಧ ಇರಬೇಕು," ಎಂದು ಅವಳ ತಂದೆ ಎದ್ದೇಬಿಟ್ಟರು. ನಾನು ಕಣ್ಣು ಕಣ್ಣು ಬಿಡುತ್ತಿದ್ದೆ. ಆಗ ಹುಡುಗಿಯೇ ನೇರವಾಗಿ ಕೇಳಿದಳು: "ನಿಮಗ ಹುಡುಗಿ ಮನಸ್ಸಿಗೆ ಬಂದಿಲ್ಲೇನ್ರಿ, ಇಲ್ಲಾ ಚಹಾ ಮನಸ್ಸಿಗೆ ಬಂದಿಲ್ಲೇನ್ರಿ?"

"ಚಹಾ! ಚಹಾ ಮಾತ್ರ! ನಾನು ಬಿಸಿನೀರು ಕುಡಿಯೋನು," ಎಂದು ತೊದಲಿದೆ.

ಲೋಕವೆಲ್ಲ ಕೇಳುವ "ಯಾಕೆ?" ಎಂಬ ಪ್ರಶ್ನೆಗೆ ನಾನು ಸಿದ್ಧನಾದೆ. ಅವಳು ಕೇಳಲಿಲ್ಲ. ಒಳಗೆ ತಿರುಗಿ, "ಯವ್ವಾ, ಅಳಬ್ಯಾಡ, ಬರೇ ನೀರು ಕಾಸು!" ಎಂದಳು. ಬಿಸಿನೀರು ಮನೆಯ ಒಳ್ಳೆಯ ಕಪ್ಪಿನಲ್ಲಿ, ಸಾಸರಿನ ಮೇಲೆ ಕೂತು ಬಂತು. ನಾಲಿಗೆ ಸುಟ್ಟರೂ ಒಂದು ಹನಿ ಬಿಡದೆ ಕುಡಿದೆ.

ಮದುವೆಯಾಗಿ ಇಷ್ಟು ವರ್ಷವಾದರೂ ಅವಳು ಆ "ಯಾಕೆ"ಯನ್ನು ಕೇಳಿಲ್ಲ. ನೆಂಟರು ಕೇಳಿದರೆ, "ಅವರಿಗೆ ಅದಽ ಸೇರ್ತೈತ್ರಿ, ನಿಮಗ ಚಹಾ ತರ್ತೀನಿ," ಎಂದು ಮಾತು ಮುಗಿಸುತ್ತಾಳೆ. ಬೇಡ ಎಂದದ್ದನ್ನು ಬೇಡ ಎಂದಷ್ಟೇ ಕೇಳಿಸಿಕೊಳ್ಳುವ ಒಂದು ಜೀವ ಮನೆಯಲ್ಲಿದೆಯಲ್ಲ, ಅದಕ್ಕೆ ನಾನು ದಿನಾ ಕೃತಜ್ಞ.

ಅವಳಿಗೂ ಒಂದು ಚಟವಿದೆ. ಮಿರ್ಚಿ ಭಜಿಯನ್ನು ಚಹಾದಲ್ಲಿ ಅದ್ದಿ ತಿನ್ನುತ್ತಾಳೆ. ಮೇಲೆ ಎಣ್ಣೆ ತೇಲುತ್ತಿರುತ್ತದೆ. ಮೊನ್ನೆ ಮೈಸೂರಿನಿಂದ ಬಂದ ಅಮ್ಮ ಅದನ್ನು ನೋಡಿ ಹೌಹಾರಿ, "ಏನೋ ಇದು, ಯಾರಾದ್ರೂ ಹೀಗೆ ತಿಂತಾರೇನೋ?" ಎಂದು ನನ್ನನ್ನೇ ಕೇಳಿದರು. ಭಜಿ ಹಿಡಿದ ಅವಳ ಕೈ ಅರ್ಧದಲ್ಲೇ ನಿಂತಿತು.

ನಾನು ತಟ್ಟೆಯಿಂದ ಒಂದು ಮಿರ್ಚಿ ಎತ್ತಿಕೊಂಡೆ, ನನ್ನ ಬಿಸಿನೀರಿನಲ್ಲಿ ಅದ್ದಿದೆ, ಬಾಯಿಗೆ ಹಾಕಿಕೊಂಡೆ.

"ನಾವು ತಿಂತೀವಮ್ಮ," ಎಂದೆ. ರುಚಿ ಹೇಗಿತ್ತು ಎಂದು ಮಾತ್ರ ನೀವು ಕೇಳಬಾರದು.