ಕ್ಯಾಪ್ಸೂಲಿನ ಸಿಪ್ಪೆ

ನನ್ನ ಮುಟ್ಟು ತಿಂಗಳುಗಟ್ಟಲೆ ನಿಂತು ಗದ್ದದ ಮೇಲೆ ಕೂದಲು ಬಂದಾಗ, ಮಿರಜಿನ ಡಾಕ್ಟರು ಪಿಸಿಓಡಿ ಎಂದರು. ಸಾಂಗ್ಲಿಯ ಕಾಕು, ಅಂದರೆ ನನ್ನ ಚಿಕ್ಕಪ್ಪನ ಹೆಂಡತಿ, ತಾನು ಹೊಸದಾಗಿ ಏಜೆನ್ಸಿ ಹಿಡಿದಿದ್ದ ಕಂಪನಿಯ ಕ್ಯಾಪ್ಸೂಲಿನ ಡಬ್ಬಿ ತಂದಿಟ್ಟು, "ಇದನ್ನ ತಗೋ, ಲಗ್ನ ಆಗೋದ್ರಾಗ ಎಲ್ಲಾ ನೆಟ್ಟಗ ಆಗ್ತೈತಿ" ಎಂದಳು.

ನಮ್ಮದು ಜೈನರ ಮನೆ, ಹೊತ್ತು ಮುಳುಗಿದ ಮೇಲೆ ಏನೂ ತಿನ್ನುವಂತಿಲ್ಲ. ಕ್ಯಾಪ್ಸೂಲಿನ ಸಿಪ್ಪೆಯನ್ನು ಪ್ರಾಣಿಯ ಎಲುಬಿನಿಂದ ಮಾಡುತ್ತಾರೆಂದು ಯಾರೋ ಹೇಳಿದ್ದರಿಂದ, ಅವ್ವ ದಿನಾ ಹೊತ್ತು ಮುಳುಗುವ ಮೊದಲು ಅದನ್ನು ಬಿಚ್ಚಿ, ಪುಡಿಯನ್ನಷ್ಟೇ ನೀರಿಗೆ ಕಲಸಿ ಇಡುತ್ತಿದ್ದಳು. ಮುಟ್ಟು ಬರಲಿಲ್ಲ, ವಾಂತಿ ಬಂತು.

"ಹೊತ್ತು ಮುಳುಗಿದ ಮ್ಯಾಲೆ ಕುಡದಿಯೇನ?" ಎಂದು ಅವ್ವ ನನ್ನನ್ನೇ ಗದರಿದಳು.

ನನಗೆ ಮೈಯೆಲ್ಲ ಉರಿಯಿತು. "ಸಿಪ್ಪಿ ಯಾತರದು ಅಂತ ಊರೆಲ್ಲಾ ಕೇಳಿದ್ರಿ. ನನ್ನ ಹೊಟ್ಟಿಗಿ ಹೋಗೋ ಪುಡಿ ಯಾತರದು ಅಂತ ಒಬ್ಬರಾದ್ರೂ ಕೇಳೀರೇನ?"

ಎರಡನೆಯ ಡಬ್ಬಿ ಹಿಡಿದು ಬಂದಿದ್ದ ಕಾಕು, ಅದರ ಮೇಲೆ ಬರೆದದ್ದನ್ನು ಮೊದಲ ಸಲ ಓದಲು ಚಸಮಾ ಹುಡುಕಿದಳು.