ಮಗ್ಗ ನಿಲ್ಲಿಸಿದ ಬೀದಿಯಲ್ಲಿ ಅಪ್ಪನ ಮೊದಲ ಮೋಲ್ಡು

ಆಗೆಲ್ಲ ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಯಾರೂ ಮೆಲ್ಲಗೆ ಮಾತಾಡುತ್ತಿರಲಿಲ್ಲ. ಮನೆಮನೆಯಲ್ಲೂ ಕರೆಂಟಿನ ಮಗ್ಗ ಬಡಿದುಕೊಳ್ಳುತ್ತಿದ್ದ ಕಾಲ ಅದು. ಪಕ್ಕದ ಮನೆಯಲ್ಲಿ ಒಂದು ಹಿಡಿ ಉಪ್ಪು ಕೇಳಬೇಕಾದರೂ ಜಗಳಕ್ಕೆ ನಿಂತವರ ಹಾಗೆ ಕಿರುಚಬೇಕಿತ್ತು. ಅಂಥ ಬೀದಿಯಲ್ಲಿ ಬೆಳೆದವರು ನೀವಾದರೆ ಈಗಲೂ ಫೋನಿನಲ್ಲಿ ಕೂಗಿಯೇ ಮಾತಾಡುತ್ತೀರಿ. ನಾನೂ ಅಷ್ಟೆ.

ಅಪ್ಪ ಆ ಊರಿನವನಲ್ಲ. ಧರ್ಮಪುರಿ ಕಡೆಯಿಂದ ಗಾರೆ ಕೆಲಸ ಹುಡುಕಿಕೊಂಡು ಬಂದವನು. ಒಂದು ಕರಣೆ, ಒಂದು ತೂಕದ ಗುಂಡು, ಅಮ್ಮ, ನಾನು, ಇಷ್ಟೇ ಅವನ ಆಸ್ತಿ. ಜಂಬಕ್ಕೆ ಮಾತ್ರ ಕೊರತೆಯಿರಲಿಲ್ಲ. ಬೇರೆ ಮೇಸ್ತ್ರಿಗಳ ಕೈಕೆಳಗೆ ವರ್ಷಗಟ್ಟಲೆ ದುಡಿದವನು, ನನ್ನ ಮೂರನೇ ಕ್ಲಾಸಿನ ಬೇಸಿಗೆ ರಜೆಯಲ್ಲಿ ಮೊದಲ ಸಲ ಒಂದು ಮನೆಯನ್ನು ತಾನೇ ಒಪ್ಪಿಕೊಂಡ. ಅದು ಎದುರು ಸಾಲಿನ ನೇಕಾರ ನಂಜಪ್ಪನವರ ಮನೆ. ಹೆಂಚು ಇಳಿಸಿ ಕಾಂಕ್ರೀಟಿನ ಛಾವಣಿ ಹಾಕುವ ಕೆಲಸ.

“ತಮಿಳರವನು, ಇವತ್ತು ಇರ್ತಾನೆ, ನಾಳೆ ಹೋಗ್ತಾನೆ. ಅವನ ಕೈಗೆ ಸೂರು ಕೊಟ್ಟಿದ್ದೀಯಲ್ಲಾ ನಂಜಪ್ಪಾ?” ಎಂದು ಬೀದಿಯವರು ಎದುರಿಗೇ ಕೇಳಿದ್ದರು.

ಅಪ್ಪ ನಕ್ಕು ಹೇಳಿದ್ದ, “ಇದು ಸರಿ ಬಂದ್ರೆ ನಾನು ಈ ಊರಿನ ಮೇಸ್ತ್ರಿ. ಕೆಟ್ರೆ ನೀವೇ ಬಸ್ಸು ಹತ್ತಿಸಿ ಅಣ್ಣಾ.”

ಅಮ್ಮನಿಗೆ ನಗು ಬರಲಿಲ್ಲ. ಬಸ್ಸು ಹತ್ತಿದರೆ ಮತ್ತೆ ಊರಿನ ಇಟ್ಟಿಗೆ ಗೂಡಿನ ಕೂಲಿಯೇ ಗತಿ ಎಂದು ಅವಳಿಗೆ ಗೊತ್ತಿತ್ತು.

ಛಾವಣಿಗೆ ಕಾಂಕ್ರೀಟು ಸುರಿಯುವುದನ್ನು ನಮ್ಮ ಕಡೆ ಮೋಲ್ಡು ಹಾಕುವುದು ಎನ್ನುತ್ತಾರೆ. ಆ ದಿನ ಮನೆಗೆ ಹಬ್ಬವಿದ್ದ ಹಾಗೆ. ಕಾಂಕ್ರೀಟು ಕಲಸುವ ಡೀಸೆಲ್ ಮಿಷನ್ನು ಬೆಳಿಗ್ಗೆಯೇ ಗುಡುಗಿತು. ಆಳುಗಳು ಸಾಲಾಗಿ ನಿಂತು ಬಾಂಡ್ಲಿಗಳನ್ನು ಕೈಯಿಂದ ಕೈಗೆ ದಾಟಿಸಿದರು. ನಾವು ಮಕ್ಕಳು ಮರಳಿನ ಗುಡ್ಡೆಯಲ್ಲಿ ಕಪ್ಪೆಚಿಪ್ಪು ಹೆಕ್ಕಿದೆವು. ಹಸಿ ಸಿಮೆಂಟಿನ ವಾಸನೆಯ ಜೊತೆಗೇ ಪಲಾವಿನ ಘಮ ಬರುತ್ತಿತ್ತು. ಮೋಲ್ಡಿನ ದಿನ ಮನೆಯ ಯಜಮಾನನೇ ಆಳುಗಳಿಗೆ ಎಲೆ ಹಾಕಿ ಬಡಿಸಬೇಕು. ನಂಜಪ್ಪನವರು ಪಂಚೆ ಎತ್ತಿ ಕಟ್ಟಿಕೊಂಡು ಪಾಯಸ ಬಡಿಸಿದರು. ಬೆಳಿಗ್ಗೆಯಿಂದ ಕರೆಂಟಿರಲಿಲ್ಲ, ಬೀದಿಯ ಮಗ್ಗಗಳೆಲ್ಲ ನಿಂತಿದ್ದವು. ಅದು ಯಾರ ಗಮನಕ್ಕೂ ಬಂದಿರಲಿಲ್ಲ.

ಊಟ ಮುಗಿಯುವ ಹೊತ್ತಿಗೆ ಕರೆಂಟು ಬಂತು. ನಂಜಪ್ಪನವರ ಪಕ್ಕದ ಮನೆಯ ಸರೋಜಮ್ಮನವರ ಮಗ್ಗಗಳು ಶುರುವಾದವು. ಎರಡು ಮನೆಗೂ ಒಂದೇ ಗೋಡೆ, ನಮ್ಮ ಹಸಿ ಛಾವಣಿ ಕೂತಿದ್ದದ್ದೂ ಅದರ ಮೇಲೆಯೇ. ಮೇಲೆ ಬರಿಗಾಲಲ್ಲಿ ಮಟ್ಟ ಮಾಡುತ್ತಿದ್ದ ಅಪ್ಪ ತಟಕ್ಕನೆ ನಿಂತ. ಏಣಿಯನ್ನು ಅರ್ಧಕ್ಕೇ ಬಿಟ್ಟು ಕೆಳಗೆ ಹಾರಿದ.

“ಅಣ್ಣಾ, ಗೋಡೆ ನಡುಗ್ತಿದೆ! ಈ ಸದ್ದು ನಿಲ್ಲಿಸ್ಬೇಕು!”

“ಸದ್ದಾ? ಯಾವ ಸದ್ದಪ್ಪಾ?” ಎಂದರು ನಂಜಪ್ಪನವರು. ತಮಾಷೆಯಲ್ಲ, ಅವರಿಗೆ ನಿಜವಾಗಿಯೂ ಕೇಳಿಸುತ್ತಿರಲಿಲ್ಲ. ಹುಟ್ಟಿದಂದಿನಿಂದ ಕೇಳಿದ್ದು ಕಿವಿಗೆ ಎಲ್ಲಿ ಹತ್ತುತ್ತದೆ!

ಅಪ್ಪ ಸೀದಾ ಸರೋಜಮ್ಮನವರ ಮನೆಗೆ ನುಗ್ಗಿದ. ನಾನು, ಅಮ್ಮ ಹಿಂದೆ ಓಡಿದೆವು.

“ಅಕ್ಕಾ, ಎರಡು ದಿನ ಮಗ್ಗ ನಿಲ್ಲಿಸಿ. ಹಸಿ ಕಾಂಕ್ರೀಟು, ಬಿರುಕು ಬಿಡುತ್ತೆ.”

“ಮದುವೆ ಸೀಸನ್ನು ಕಣಯ್ಯಾ! ನನ್ನ ಮಗ್ಗ ನಿಲ್ಸು ಅನ್ನೋಕೆ ನೀನ್ಯಾರು? ನಮ್ಮತ್ತೆ ಕಾಲದಿಂದ ಓಡ್ತಿದೆ, ಗೋಡೆ ಬಿದ್ದೋಯ್ತಾ?”

ಅಪ್ಪ ಒಂದು ತಟ್ಟೆಗೆ ನೀರು ಹುಯ್ದು ಆ ಗೋಡೆಯ ಗೂಡಿನಲ್ಲಿಟ್ಟ. ಮಗ್ಗ ಬಡಿದಾಗಲೆಲ್ಲ ನೀರು ಸುಕ್ಕುಗಟ್ಟಿತು. ಸರೋಜಮ್ಮ ಬಗ್ಗಿ ನೋಡಿದರು, ಬೆರಳಿಟ್ಟು ಗೋಡೆ ಮುಟ್ಟಿದರು.

“ಅಯ್ಯೋ ಶಿವನೇ, ಇಷ್ಟು ದಿನ ನಾವು ಇದರೊಳಗೇ ಮಲಗ್ತಿದ್ವಾ?” ಎನ್ನುತ್ತ ತಾವೇ ಹೋಗಿ ಮೋಟಾರು ಆಫ್ ಮಾಡಿದರು. ಅಷ್ಟಕ್ಕೇ ಬಿಡಲಿಲ್ಲ. ಬೀದಿಗಿಳಿದು, “ಲೇ, ನಿಲ್ಸ್ರೋ ಎಲ್ರೂ! ಒಬ್ಬರ ಮನೆ ಸೂರು ಕಣ್ರೋ ಇದು!” ಎಂದು ಆ ತುದಿಯವರೆಗೂ ಅಬ್ಬರಿಸಿದರು.

ಅವತ್ತು ಮೊದಲ ಸಲ, ಕರೆಂಟಿದ್ದೂ ನಮ್ಮ ಬೀದಿ ಸುಮ್ಮನಾಯಿತು. ಮಗ್ಗದ ಸದ್ದಿಗೇ ನಿದ್ದೆ ಹೋಗಿದ್ದ ಸರೋಜಮ್ಮನವರ ಮೊಮ್ಮಗು ಎದ್ದು ರಚ್ಚೆ ಹಿಡಿಯಿತು. ಕೈ ಖಾಲಿಯಾದ ನೇಕಾರರು ಜಗಲಿಗೆ ಬಂದು, ಅಕ್ಕಪಕ್ಕದಲ್ಲೇ ಕೂತು, ಅಭ್ಯಾಸಬಲದಿಂದ ಕೂಗಾಡಿಕೊಂಡೇ ಹರಟಿದರು. ಮರುದಿನ ಕಾಂಕ್ರೀಟು ಗಟ್ಟಿಯಾಗಲೆಂದು ಛಾವಣಿಯ ಮೇಲೆ ಪಾತಿ ಕಟ್ಟಿ ನೀರು ನಿಲ್ಲಿಸಿದಾಗ ಇಡೀ ಬೀದಿಯ ಮಕ್ಕಳು ಅಲ್ಲಿ ಕಾಗದದ ದೋಣಿ ಬಿಟ್ಟೆವು.

ಆದರೂ ಅಮ್ಮನ ಹೆದರಿಕೆ ಹೋಗಿರಲಿಲ್ಲ. ಕರೆಂಟು ಬಂದು ಮಗ್ಗ ನಿಲ್ಲುವಷ್ಟರಲ್ಲಿ ಆಗಬಾರದ್ದು ಆಗಿದ್ದರೆ? ಛಾವಣಿ ಹೊತ್ತ ಕೆಳಗಿನ ಆನಿಕೆ ಕಂಬಗಳನ್ನು ಬಿಚ್ಚಿದಾಗಲೇ ಗೊತ್ತಾಗುವುದು. ಆ ದಿನ ಬಂತು. ಬೀದಿಯೆಲ್ಲ ಬಾಗಿಲಲ್ಲಿ ನೆರೆದಿತ್ತು. ಕೊನೆಯ ಸರ್ವೆ ಕಂಬ ಬಡಿದು ಬೀಳಿಸುವ ಮೊದಲು ಅಪ್ಪ ಅಮ್ಮನನ್ನೂ ನನ್ನನ್ನೂ ಒಳಗೆ ಕರೆದು ಛಾವಣಿಯ ನಡುಮಧ್ಯೆ ನಿಲ್ಲಿಸಿಕೊಂಡ.

“ಮಗೂನ್ಯಾಕೋ?” ಎಂದು ನಂಜಪ್ಪನವರು ಗಾಬರಿಯಾದರು.

“ಕಟ್ಟಿದವನ ಮನೆಯವ್ರು ಮೊದಲು ನಿಲ್ಲಬೇಕು ಅಣ್ಣಾ. ಆಮೇಲೆ ನೀವು ಬನ್ನಿ.”

ಅಮ್ಮ ನನ್ನನ್ನು ಸೆರಗಿನೊಳಗೆ ಎಳೆದುಕೊಂಡಳು. ನನಗೆ ಒಂದಿಷ್ಟೂ ಭಯವಾಗಲಿಲ್ಲ, ಅಪ್ಪ ಇದ್ದನಲ್ಲ! ಕಂಬ ಬಿತ್ತು. ತಲೆಯ ಮೇಲೆ ಒಂದಿಷ್ಟು ಧೂಳು ಉದುರಿತು. ಅಷ್ಟೆ. ಮೇಲೆ ಒಂದು ಗೀರೂ ಇರಲಿಲ್ಲ. “ಬನ್ನಿ ಅಣ್ಣಾ, ನಿಮ್ಮ ಮನೆ,” ಎಂದು ಅಪ್ಪ ಕರೆದ. ನಂಜಪ್ಪನವರು ಬಲಗಾಲಿಟ್ಟು ಒಳಗೆ ಬಂದು ಕಣ್ಣೊರೆಸಿಕೊಂಡರು. ಹಿಂದೆಯೇ ಬಂದ ಸರೋಜಮ್ಮ, “ಮೇಸ್ತ್ರೀ, ಮುಂದಿನದು ನಮ್ಮನೇದು. ಬಸ್ಸುಗಿಸ್ಸು ಹತ್ತೀಯ, ಹುಷಾರ್!” ಎಂದರು.

ಅಪ್ಪ ಬಸ್ಸು ಹತ್ತಲಿಲ್ಲ. ಆ ಬೀದಿ ಮುಗಿಸಿ, ಸೋಂಪುರದಲ್ಲಿ ಫ್ಯಾಕ್ಟರಿ ಶೆಡ್ಡುಗಳನ್ನು ಕಟ್ಟಿ, ಈಗ ದೇವನಹಳ್ಳಿ ಕಡೆ ಅಪಾರ್ಟ್‌ಮೆಂಟ್ ಏಳಿಸುವ ಬಿಲ್ಡರ್. ವ್ಯವಹಾರ ನಾನು ನೋಡಿಕೊಳ್ಳುತ್ತೇನೆ. ನಮ್ಮ ಕೆಲಸದ ಬಗ್ಗೆ ನನಗೂ ಜಂಬವಿದೆ.

ಮೊನ್ನೆ ಮೇಲಂತಸ್ತಿನಲ್ಲಿ ಆನಿಕೆ ಬಿಚ್ಚುವಾಗ ಅಪ್ಪ ಬಂದಿದ್ದ. ಮಂಡಿ ನೋವು, ತಲೆಗೆ ಹೆಲ್ಮೆಟ್ಟು. ಛಾವಣಿ ಕನ್ನಡಿಯಷ್ಟು ನುಣುಪಾಗಿ ಬಂದಿತ್ತು. ಅವನು ಅವತ್ತಿನ ಹಾಗೇ ಅದರ ಕೆಳಗೆ ನಿಂತು ಬಾಗಿಲ ಕಡೆ ತಿರುಗಿದ.

“ಇದು ಯಾರ ಮನೆ, ಕಣ್ಣು?” ತಮಿಳಿನ ಮುದ್ದಿನಲ್ಲಿ ಅವನು ನನ್ನನ್ನು ಈಗಲೂ ಕಣ್ಣು ಎಂದೇ ಕರೆಯುವುದು.

“ಇನ್ನೂ ಮಾರಾಟ ಆಗಿಲ್ಲ ಅಪ್ಪಾ. ಹೂಡಿಕೆಗೆ ಯಾರಾದ್ರೂ ತಗೋತಾರೆ.”

“ಹಂಗಾದ್ರೆ,” ಎಂದ ಅಪ್ಪ, “ಯಾರನ್ನ ಒಳಗೆ ಕರೀಲಿ?”