ತೇನಿಯ ಹೊಳೆಯ ತನಕ

ಮಲೆಯ ಮೇಲೆ ಪೆರಿಯಾರ್ ಹೊಳೆಗೆ ಅಣೆ ಕಟ್ಟುತ್ತಿದ್ದ ವರ್ಷಗಳವು. ಸುಣ್ಣ, ಹಗ್ಗ, ಅಕ್ಕಿ ಹೇರಿದ ಗಾಡಿಗಳು ಕಣಿವೆಯ ದಾರಿಯಲ್ಲಿ ಸಾಲುಗಟ್ಟಿ ಹತ್ತುತ್ತಿದ್ದವು. ನಮ್ಮೂರು ಕೊಂಬೈಯಿಂದ ಹತ್ತಿ ತುಂಬಿಕೊಂಡು ಅವಕ್ಕೆ ಎದುರಾಗಿ ದಿಂಡಿಗಲ್ಲಿಗೆ ಹೋಗುತ್ತಿದ್ದವರಲ್ಲಿ ನಾನೂ ಒಬ್ಬ. ಇಪ್ಪತ್ತಾರು ವಯಸ್ಸು. ಬೆದರಿದ ಹೋರಿಯನ್ನು ಕೊಂಬು ಹಿಡಿದು ನಿಲ್ಲಿಸುವವನು ಎಂದು ಊರಲ್ಲಿ ನನಗೆ ಹೆಸರಿತ್ತು.

ಆ ಬೆಳಿಗ್ಗೆ ವತ್ತಲಗುಂಡು ದಾಟಿದ ಮೇಲೆ ದಾರಿಯಲ್ಲಿ ಏನೂ ಆಗಲಿಲ್ಲ. ಇದನ್ನು ಮೊದಲೇ ಹೇಳಬೇಕು, ಏಕೆಂದರೆ ಆಮೇಲೆ ಎಲ್ಲರೂ ಏನಾಯಿತು ಏನಾಯಿತು ಎಂದೇ ಕೇಳಿದರು. ಎತ್ತುಗಳು ತಮ್ಮ ಪಾಡಿಗೆ ನಡೆಯುತ್ತಿದ್ದವು. ಬಿಸಿಲು ಇನ್ನೂ ಏರಿರಲಿಲ್ಲ. ಇದ್ದಕ್ಕಿದ್ದ ಹಾಗೆ ಎದೆ ಹೊಡೆದುಕೊಳ್ಳತೊಡಗಿತು. ಉಸಿರು ಗಂಟಲಲ್ಲೇ ನಿಂತಿತು. ಬೆರಳುಗಳು ಜುಮುಗುಟ್ಟಿ, ಬೆವೆತ ಅಂಗೈಯಿಂದ ಹಗ್ಗ ಜಾರಿತು. ಸಾಯುತ್ತಿದ್ದೇನೆ ಎನ್ನುವುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಮನೆಯಿಂದ ಇಷ್ಟು ದೂರದ ರಸ್ತೆ ಬದಿಯಲ್ಲಿ ಸಾಯುತ್ತಿದ್ದೇನಲ್ಲ ಎಂಬುದೇ ದೊಡ್ಡ ಸಂಕಟವಾಗಿತ್ತು.

ಹಿಂದಿನ ಗಾಡಿಯಲ್ಲಿದ್ದ ನಮ್ಮೂರಿನವನು ಓಡಿ ಬಂದು ನೀರು ಕುಡಿಸಿದ. ಸ್ವಲ್ಪ ಹೊತ್ತಿಗೆ ಎಲ್ಲ ಇಳಿಯಿತು. ಮೈಮೇಲೆ ಒಂದು ಗೀರೂ ಇರಲಿಲ್ಲ. ನನ್ನ ಹತ್ತಿಯನ್ನು ಅವನಿಗೇ ಒಪ್ಪಿಸಿ, ಬರಿಗಾಡಿಯಲ್ಲಿ ಮನೆಗೆ ತಿರುಗಿದೆ.

ಮುಂದಿನ ಸಲ ಅದು ಹನುಮಂತನಪಟ್ಟಿಯ ಹತ್ತಿರವೇ ಬಂತು. ಅದು ನನ್ನ ಹೆಂಡತಿಯ ತವರು. ಕೊಂಬೈಯಿಂದ ಅಷ್ಟೇನೂ ದೂರವಿಲ್ಲ. ಆಮೇಲೆ ಊರ ಹೊರಗಿನ ಹೊಲದ ಬದುವಿನಲ್ಲಿ. ಹೀಗೆ ನನ್ನ ಲೋಕ ಮನೆ, ಕೊಟ್ಟಿಗೆ, ಬಾವಿಯ ಕಟ್ಟೆ ಇಷ್ಟಕ್ಕೆ ಬಂದು ನಿಂತಿತು. ಅಮ್ಮ ತಾಯತ ಕಟ್ಟಿಸಿದಳು. ವೈದ್ಯರು ಕಷಾಯ ಕೊಟ್ಟರು. ಮಂತ್ರಗಾರನೊಬ್ಬ ಬೇವಿನ ಸೊಪ್ಪಿನಲ್ಲಿ ಹೊಡೆದ. ಎಲ್ಲರ ಮೇಲೂ ನನಗೆ ನಂಬಿಕೆಯಿತ್ತು, ಯಾವುದರಿಂದಲೂ ಗುಣವಾಗಲಿಲ್ಲ. ಎರಡು ವರ್ಷ ಹೆಂಡತಿ ತವರಿಗೆ ಒಬ್ಬಳೇ ಹೋಗಿ ಬಂದಳು. ಗಂಡ ಎಲ್ಲಿ ಎಂದು ಕೇಳಿದವರಿಗೆ, "ಹಸ ಕರ ಹಾಕೋ ಹಂಗದೆ, ಬಿಟ್ಟು ಬರಕ್ಕಾಗಲ್ಲ" ಎನ್ನುತ್ತಿದ್ದಳಂತೆ. ನಮ್ಮ ಹಸು ವರ್ಷಕ್ಕೆ ಎಷ್ಟು ಸಲ ಕರು ಹಾಕಿತೋ!

ಆ ಹೊತ್ತಿಗೆ ದಿಂಡಿಗಲ್ಲಿನಿಂದ ತಂಗಿಯ ಮಾತು ಬಂತು. ಅವಳ ಗಂಡ ಅಲ್ಲಿ ಹೊಗೆಸೊಪ್ಪಿನ ವ್ಯಾಪಾರಿ. ಮೊದಲ ಮಗಳಿಗೆ ಕಿವಿ ಚುಚ್ಚಬೇಕು. ನಮ್ಮಲ್ಲಿ ಮಗುವನ್ನು ಸೋದರಮಾವನ ಮಡಿಲಲ್ಲಿ ಕೂರಿಸಿಯೇ ಚುಚ್ಚುವುದು. ಅವಳಿಗೆ ಇದ್ದವನು ನಾನೊಬ್ಬನೇ ಅಣ್ಣ.

"ಆಗಲ್ಲ ಅಂತ ಹೇಳಿ ಕಳಿಸಿಬಿಡು" ಎಂದೆ ಹೆಂಡತಿಗೆ.

ಅವಳು ರಾಗಿ ಬೀಸುತ್ತಿದ್ದಳು. ಕೈ ನಿಲ್ಲಿಸದೆ ಹೇಳಿದಳು: "ದಿಂಡಿಗಲ್ಲು ಬ್ಯಾಡ. ನಮ್ಮಪ್ಪನ ಊರ ತಂಕ ಹೋಗಾಮು. ನೀವು ತಿರುಗ್ಸು ಅಂದ ಕಡೆ ವಂಡಿ ತಿರುಗ್ಸಾಮು. ಯಾಕೆ ಅಂತ ನಾ ಕೇಳಲ್ಲ."

ತಿರುಗಿಸಬಹುದು ಎಂಬ ಆ ಒಂದು ಮಾತಿನಿಂದಲೇ ನಾನು ಗಾಡಿ ಹತ್ತಿದೆ. ಹನುಮಂತನಪಟ್ಟಿಗೆ ಸ್ವಲ್ಪ ಮುಂಚೆ ಅದು ಬಂದೇ ಬಂತು. ಅವಳು ಹೆದರಬೇಡ ಎನ್ನಲಿಲ್ಲ. ಹಗ್ಗ ತನ್ನ ಕೈಗೆ ತೆಗೆದುಕೊಂಡು, ತಪ್ಪಿಸಿಕೊಂಡ ಕರುವಿನ ವಿಚಾರ ಕೇಳುವ ಹಾಗೆ ಕೇಳಿದಳು: "ಈಗ ಎಲ್ಲದೆ?"

"ಎದೇಲಿ."

ಹತ್ತು ಮಾರು ಹೋದ ಮೇಲೆ, "ಈಗ?"

"ಗಂಟಲಲ್ಲಿ."

"ಈಗ?"

"ಕೈಯಲ್ಲಿ... ಕೊಂಚ ಕಮ್ಮಿ ಆಯ್ತು."

ಅದು ಕೂತಲ್ಲಿ ಕೂರುವುದಿಲ್ಲ, ಓಡಾಡುತ್ತದೆ, ಆಮೇಲೆ ಹೋಗುತ್ತದೆ ಎಂಬುದನ್ನು ನಾನು ಮೊದಲ ಸಲ ಕಂಡದ್ದು ಅಂದು. ಮಾವನ ಮನೆಯಲ್ಲಿ ಅನ್ನ ಉಂಡೆ. ಮರುದಿನ ಇನ್ನೊಂದು ಊರು, ಅದರ ಮರುದಿನ ಇನ್ನೊಂದು. ಹಾಗೆ ತೇನಿ ತಲುಪಿದೆವು. ತೇನಿ ಆಗ ಸಣ್ಣ ಊರು, ದಾರಿಗಳು ಕೂಡುವ ಜಾಗ. ಅಲ್ಲಿಯ ಹೊಳೆಯ ಮುಂದೆ ನನ್ನ ಧೈರ್ಯ ಮುಗಿಯಿತು. ಎತ್ತುಗಳು ನೀರಿಗೆ ಇಳಿಯುತ್ತಲೇ ಗಾಡಿಯಿಂದ ಹಾರಿ ದಡದಲ್ಲಿ ಕುಸಿದು ಕೂತೆ. ಆಚೆ ದಡ ಸೇರುವುದು ನನ್ನಿಂದಾಗುವುದಲ್ಲ ಎಂದು ಗೊತ್ತಾಯಿತು. ಕಣ್ಣಲ್ಲಿ ನೀರು ಬಂತು. ಅವಳು ಪಕ್ಕದಲ್ಲಿ ಕೂತು ಎಲೆಯಡಿಕೆ ಹಾಕಿಕೊಂಡಳು.

"ಇಷ್ಟು ದೂರ ಬಂದ್ರಲ್ಲ" ಎಂದಳು. "ಇಲ್ಲೇ ಇರಾಮು. ಅವ್ರಿಗೆ ಹೇಳಿ ಕಳಿಸ್ತೀನಿ."

ದಿಂಡಿಗಲ್ಲಿಗೆ ಹೊರಟಿದ್ದ ನಮ್ಮ ಕಡೆಯ ಗಾಡಿಯವನ ಮೂಲಕ ಸುದ್ದಿ ಹೋಯಿತು. ನಾವು ಛತ್ರದಲ್ಲಿ ಉಳಿದೆವು. ದಿನಾ ಬೆಳಿಗ್ಗೆ ಹೊಳೆಗೆ ಹೋಗಿ ಎತ್ತು ತೊಳೆಯುತ್ತಿದ್ದೆ. ಮೊದಲು ಮೊಣಕಾಲುದ್ದ, ಆಮೇಲೆ ಸೊಂಟದುದ್ದ. ತಂಗಿಯ ಅತ್ತೆ ಬಾಯಿ ಜೋರಿನ ಹೆಂಗಸು. ಹೆಣ್ಣು ಕೊಟ್ಟ ಮನೆಯವರು ಹೊಳೆಗೆ ಹೆದರಿ ಕೂತರಂತೆ ಎಂದು ಆಡಿಕೊಳ್ಳುತ್ತಾಳೆ, ತಂಗಿ ತಲೆ ತಗ್ಗಿಸಬೇಕಾಗುತ್ತದೆ ಎಂದು ಒಳಗೊಳಗೇ ಬೇಯುತ್ತಿದ್ದೆ.

ಐದನೆಯ ದಿನ ಮಧ್ಯಾಹ್ನ ಆಚೆ ದಡದಲ್ಲಿ ಎರಡು ಗಾಡಿ ನಿಂತವು. ಮುಂದಿನದರಲ್ಲಿ ಮಗು ಎತ್ತಿಕೊಂಡ ತಂಗಿ, ಅವಳ ಗಂಡ. ಹಿಂದಿನದರಲ್ಲಿ ಅದೇ ಅತ್ತೆ, ಜೊತೆಗೆ ಕಿವಿ ಚುಚ್ಚುವ ಆಚಾರಿ. ಗಾಡಿಗಳು ಹೊಳೆ ದಾಟಿ ಬಂದವು. ನಾನು ಕೈ ಮುಗಿದು ನಿಂತೆ.

ಅತ್ತೆ ಇಳಿದು, ಸೊಂಟ ನೀವಿಕೊಂಡು, ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನಿಂಗೆ ಬರಕ್ಕಾಗ್ಲಿಲ್ಲ, ಸರಿ. ನಮಗೆ ಕಾಲಿಲ್ವಾ?" ಎಂದಳು. "ಮಾಮನ ಮಡಿಲು ಎಲ್ಲದೆಯೋ ಅಲ್ಲೇ ಶಾಸ್ತ್ರ. ನಡಿಯಪ್ಪ, ಮಣೆ ಹಾಕು ಮೊದಲು."

ಛತ್ರದ ಜಗುಲಿಯ ಮೇಲೆ ಮಣೆ ಹಾಕಿದರು. ತಂಗಿ ಮಗುವನ್ನು ನನ್ನ ಮಡಿಲಿಗೆ ಇಳಿಸಿದಳು. ಆಚಾರಿ ಸೂಜಿ ತೆಗೆದಾಗ ನನ್ನ ಎದೆ ಮತ್ತೆ ಹೊಡೆದುಕೊಳ್ಳತೊಡಗಿತು. ಆದರೆ ಮಗು ನನ್ನ ಹೆಬ್ಬೆರಳನ್ನು ಗಟ್ಟಿಯಾಗಿ ಹಿಡಿದಿತ್ತು. ಎದ್ದು ಓಡುವ ಹಾಗಿರಲಿಲ್ಲ. ಸೂಜಿ ತಾಗುತ್ತಲೇ ಚೀರಿ ಅತ್ತಿತು, ನನ್ನ ಪಂಚೆಯನ್ನು ಒದ್ದೆ ಮಾಡಿತು. ಎಲ್ಲರೂ ನಕ್ಕರು. ಅಳು ನಿಲ್ಲಿಸುವ ಗಡಿಬಿಡಿಯಲ್ಲಿ ನಾನು ನನ್ನ ಎದೆಯನ್ನು ಮರೆತೇಬಿಟ್ಟೆ.

ತಂಗಿ ಹೊರಡುವಾಗ ಒಂದೇ ಮಾತು ಹೇಳಿದಳು: "ಅಣ್ಣಾ, ನೀ ಇಲ್ಲಿ ತಂಕ ಬಂದೆ. ಅಷ್ಟು ಸಾಕು."

ಅದಕ್ಕಾಗಿಯೇ ಇರಬೇಕು, ಆ ವರ್ಷದ ಸುಗ್ಗಿ ಮುಗಿದ ಮೇಲೆ ಹೆಂಡತಿಯ ಜೊತೆ ದಿಂಡಿಗಲ್ಲಿಗೇ ಹೋದೆ. ನಾಲ್ಕು ದಿನದ ದಾರಿಗೆ ಎಂಟು ದಿನ ಹಿಡಿಯಿತು. ಎರಡು ಕಡೆ ಗಾಡಿ ತಿರುಗಿಸಿದೆವು, ಸ್ವಲ್ಪ ದೂರ ಹಿಂದೆ ಬಂದು ಮತ್ತೆ ಮುಂದೆ ಹೋದೆವು. ರೈಲು ನಿಲ್ಲುವ ಜಾಗದ ಗದ್ದಲದಲ್ಲಿ ಅದು ಮತ್ತೆ ಬಂತು. ಗೋಡೆಗೆ ಒರಗಿ ನಿಂತೆ, ಹೋಯಿತು. ತಂಗಿಯ ಮನೆಯ ಬಾಗಿಲಲ್ಲಿ, ಆಗಷ್ಟೇ ಓಡಲು ಕಲಿತಿದ್ದ ಅವಳ ಮಗಳು ನನ್ನ ಗುರುತು ಸಿಗದೆ ಅತ್ತು ಒಳಗೆ ಓಡಿದಳು.

ಅಂಜಿಕೆ ಪೂರ್ತಿ ಬಿಟ್ಟು ಹೋಯಿತು ಎಂದರೆ ಸುಳ್ಳಾಗುತ್ತದೆ. ಈಗಲೂ ವರ್ಷಕ್ಕೊಮ್ಮೆ ಬಂದು ಮಾತಾಡಿಸಿ ಹೋಗುತ್ತದೆ. ಆದರೆ ಆ ಎರಡು ವರ್ಷ ನನ್ನನ್ನು ಯಾರೂ ಹೇಡಿ ಎನ್ನಲಿಲ್ಲ. ಎನ್ನಬಹುದಾಗಿದ್ದ ಮುದುಕಿ ಎರಡು ದಿನ ಗಾಡಿಯಲ್ಲಿ ಸೊಂಟ ನೋಯಿಸಿಕೊಂಡು ನಾನಿದ್ದಲ್ಲಿಗೇ ಬಂದಳು. ಹೆಂಡತಿ, ತಂಗಿ, ಆ ಮುದುಕಿ, ಈ ಮೂವರು ಹೆಂಗಸರನ್ನು ನೆನೆದಾಗಲೆಲ್ಲ ಕೈ ತಾನಾಗಿ ಮುಗಿಯುತ್ತದೆ.